ವಿಡಿಯೋ ಕಾಲ್‌ನಲ್ಲಿ ಕಂಡದ್ದು ಮಗನೇ ಹೌದಾ? ಡೀಪ್‌ಫೇಕ್ ಮೋಸಕ್ಕೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ತಯಾರಿ

"ಈ ವಿಡಿಯೋ ಅಸಲಿಯಾ ನಕಲಿಯಾ, ಸ್ವಲ್ಪ ನೋಡಿ ಹೇಳಿ." ಓದುಗರಿಂದ ಈಚೆಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೇ. ಬೈಂದೂರಿನಿಂದ ಒಬ್ಬರು, ಸುರತ್ಕಲ್‌ನಿಂದ ಇನ್ನೊಬ್ಬರು, ಕಾಪುವಿನಲ್ಲಿರುವ ಅಮ್ಮನ ಪರವಾಗಿ ದುಬೈಯಿಂದ ಮಗಳು. ಎಲ್ಲರಿಗೂ ನನ್ನ ಉತ್ತರ ಒಂದೇ: ಬರೀ ನೋಡಿ ಹೇಳಲು ನನಗೂ ಆಗುವುದಿಲ್ಲ. ಮೊದಲೆಲ್ಲ ಕಣ್ಣು ಮಿಟುಕಿಸುತ್ತದಾ ನೋಡಿ, ಕೈಬೆರಳು ಎಣಿಸಿ ಅಂತ ಹೇಳುತ್ತಿದ್ದೆ. ಈಗ ಆ ಲೆಕ್ಕ ನಡೆಯುವುದಿಲ್ಲ.

ಬಯಲಾಟ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ರಂಗಸ್ಥಳದಲ್ಲಿ ಕುಣಿಯುವ ಬಣ್ಣದ ವೇಷದ ಒಳಗೆ ಯಾರಿದ್ದಾರೆ ಅಂತ ಮುಖ ನೋಡಿ ಗುರುತಿಸುವುದು ಕಷ್ಟ. ಗೊತ್ತಾಗಲೇಬೇಕು ಅಂತಿದ್ದರೆ ಎದ್ದು ಚೌಕಿಗೆ ಹೋಗಬೇಕು. ಕಿರೀಟ ಬಿಚ್ಚಿ ಇಡುವ ಜಾಗ ಅದು. ಡೀಪ್‌ಫೇಕ್‌ಗೂ ಅದೇ ಉಪಾಯ. ಪರದೆಯನ್ನು ದಿಟ್ಟಿಸಿ ಕೂರುವ ಬದಲು ಇನ್ನೊಂದು ದಾರಿಯಿಂದ ಹೋಗಿ ವಿಚಾರಿಸಿ. ಈ ಲೇಖನದ ಹೆಚ್ಚಿನ ಭಾಗ ಆ ಇನ್ನೊಂದು ದಾರಿಯ ಬಗ್ಗೆಯೇ ಉಂಟು.

ಮೊದಲು ನಾಲ್ಕು ಪದ

ಡೀಪ್‌ಫೇಕ್: ಒಬ್ಬರ ಮುಖ ಅಥವಾ ಧ್ವನಿಯನ್ನು ಕಂಪ್ಯೂಟರ್‌ಗೆ ಕಲಿಸಿ, ಅವರು ಮಾಡದ್ದನ್ನು ಮಾಡಿದ ಹಾಗೆ, ಆಡದ್ದನ್ನು ಆಡಿದ ಹಾಗೆ ತೋರಿಸುವುದು. ಈ ಹೆಸರು ಚಾಲ್ತಿಗೆ ಬಂದದ್ದು 2017ರಲ್ಲಿ. ನಮ್ಮಲ್ಲಿ ಮನೆಮಾತಾದದ್ದು 2023ರ ನವೆಂಬರ್‌ನಲ್ಲಿ. ಲಿಫ್ಟ್‌ಗೆ ಬರುವ ಬೇರೊಬ್ಬ ಯುವತಿಯ ವಿಡಿಯೋಗೆ ನಟಿ ರಶ್ಮಿಕಾ ಮಂದಣ್ಣ ಅವರ ಮುಖ ಅಂಟಿಸಿ ಹರಿಬಿಟ್ಟಿದ್ದರಲ್ಲ, ಆಗ.

ವಾಯ್ಸ್ ಕ್ಲೋನಿಂಗ್: ಧ್ವನಿಯ ನಕಲು. ಇದಕ್ಕೆ ಗಂಟೆಗಟ್ಟಲೆ ರೆಕಾರ್ಡಿಂಗ್ ಬೇಡ. ಒಂದು ರೀಲ್ಸ್‌ನಲ್ಲಿ ಆಡುವಷ್ಟು ಮಾತು ಸಾಕು.

ವರ್ಚುವಲ್ ಲೋಕ: ನಮ್ಮ ಬದಲು ಒಂದು ಬೊಂಬೆ ಓಡಾಡುವ ಆನ್‌ಲೈನ್ ಜಾಗ. ಆ ಬೊಂಬೆಗೆ ಅವತಾರ್ ಎನ್ನುತ್ತಾರೆ. ಇದಕ್ಕೆ ಕಣ್ಣಿಗೆ ಕಟ್ಟುವ ದುಬಾರಿ ಹೆಡ್‌ಸೆಟ್ ಬೇಕೇಬೇಕು ಅಂತಿಲ್ಲ. ನಿಮ್ಮ ಹಳೆಯ ಫೋನಿನಲ್ಲಿ ಮಗ ಆಡುವ ರೋಬ್ಲಾಕ್ಸ್ ಕೂಡ ಅದೇ.

ಮ್ಯೂಲ್ ಖಾತೆ: ಕದ್ದ ಹಣ ಸಾಗಿಸಲು ಬೇರೆಯವರಿಂದ ಬಾಡಿಗೆಗೆ ಪಡೆದ ಬ್ಯಾಂಕ್ ಖಾತೆ. ಮ್ಯೂಲ್ ಅಂದರೆ ಹೇಸರಗತ್ತೆ. ಹೆಸರಿಗೆ ತಕ್ಕ ಕೆಲಸ.

ಏನೇನು ಬೇಕು?

ಒಂದು ಭಾನುವಾರ ಮಧ್ಯಾಹ್ನದ ಒಂದು ಗಂಟೆ. ಮನೆಯ ಎಲ್ಲರ ಫೋನ್. ಒಂದು ಹಳೆಯ ನೋಟ್‌ಬುಕ್, ಒಂದು ಪೆನ್. ಗಲ್ಫ್‌ನಲ್ಲೋ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವವರು ರಜೆಗೆ ಬಂದಾಗ ಕೂತರೆ ಒಳ್ಳೆಯದು. ಯಾಕೆಂದರೆ ಮೊದಲ ಹಂತವನ್ನು ಫೋನಿನಲ್ಲಿ ಮಾಡುವ ಹಾಗಿಲ್ಲ.

ಹಂತ 1: ಮನೆಗೊಂದು ಗುಟ್ಟಿನ ಮಾತು

ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪದ ಇಟ್ಟುಕೊಳ್ಳಿ. ಯಾರಾದರೂ ಫೋನ್ ಮಾಡಿ ಹಣ, ಒಟಿಪಿ ಅಥವಾ ದಾಖಲೆ ಕೇಳಿದರೆ, ಎಷ್ಟೇ ಪರಿಚಿತ ಮುಖವಾದರೂ, ಮೊದಲು ಆ ಪದ ಕೇಳಬೇಕು. ಪದ ಬರಲಿಲ್ಲವೋ, ಫೋನ್ ಇಡಬೇಕು. ಇಷ್ಟೇ ನಿಯಮ.

ಪದ ಆರಿಸುವುದೇ ಕಷ್ಟದ ಕೆಲಸ. ನಮ್ಮ ಮನೆಯಲ್ಲಿ ಅಮ್ಮ ಮೊದಲು ಹೇಳಿದ್ದು ಮನೆಯ ಹೆಸರು. ಅದು ಗೇಟಿನ ಮೇಲೇ ಬರೆದುಂಟು. ಎರಡನೆಯದು ನಾಯಿಯ ಹೆಸರು. ತಂಗಿಯ ಇನ್‌ಸ್ಟಾಗ್ರಾಂನಲ್ಲಿ ಆ ನಾಯಿಯ ಬರ್ತ್‌ಡೇ ಕೂಡ ಆಗಿ ಹೋಗಿದೆ. ಮೂರನೆಯದು ನಮ್ಮ ದೈವದ ಹೆಸರು. ನೇಮದ ಆಮಂತ್ರಣ ಪತ್ರಿಕೆಯನ್ನು ನಾವೇ ಪ್ರತಿ ವರ್ಷ ಐದಾರು ಗ್ರೂಪ್‌ಗೆ ಹಾಕುತ್ತೇವೆ. ಕಡೆಗೆ ಅಜ್ಜಿ ಬಳಸುತ್ತಿದ್ದ ಒಂದು ಪಾತ್ರೆಯ ಹೆಸರು ಗಟ್ಟಿಯಾಯಿತು. ಯಾವುದು ಅಂತ ಇಲ್ಲಿ ಬರೆಯುವಷ್ಟು ದಡ್ಡ ನಾನಲ್ಲ.

ಇಲ್ಲಿ ಜನ ಎಡವುವುದು ಎಲ್ಲಿ ಅಂದರೆ, ಪದ ಒಪ್ಪಿಗೆಯಾದ ಕೂಡಲೇ ಅದನ್ನು ಫ್ಯಾಮಿಲಿ ವಾಟ್ಸಾಪ್ ಗ್ರೂಪ್‌ಗೆ ಹಾಕಿಬಿಡುತ್ತಾರೆ. ಬೇಡ. ಗ್ರೂಪಿನಲ್ಲಿರುವ ಒಬ್ಬರ ವಾಟ್ಸಾಪ್ ಕಳ್ಳರ ಕೈಗೆ ಸಿಕ್ಕರೂ ಮುಗಿಯಿತು. ಬಾಯಿಂದ ಬಾಯಿಗೆ ಹೇಳಿ. ಹಿರಿಯರಿಗೆ ಮರೆಯುವ ಭಯ ಇದ್ದರೆ ದೇವರ ಕೋಣೆಯಲ್ಲೋ ಅಕ್ಕಿ ಡಬ್ಬದಲ್ಲೋ ಒಂದು ಚೀಟಿ ಇಡಿ. ಅಲ್ಲಿಗೆ ಸೈಬರ್ ಕಳ್ಳ ಬರುವುದಿಲ್ಲ.

ಇನ್ನೊಂದು ಮಾತು. ಪದ ಕೇಳುವುದಕ್ಕೆ ಸಂಕೋಚ ಬಿಡಬೇಕು. "ಸ್ವಂತ ಮಗನ ಹತ್ತಿರ ಹೇಗೆ ಕೇಳುವುದು, ಬೇಜಾರು ಮಾಡಿಕೊಂಡರೆ?" ಅಂತ ಅಮ್ಮಂದಿರು ಹಿಂಜರಿಯುತ್ತಾರೆ. ಅದಕ್ಕೇ ಎರಡು ಸಲ ಅಭ್ಯಾಸ ಮಾಡಿ. ಮಗ ಪಕ್ಕದ ಕೋಣೆಯಿಂದ ಫೋನ್ ಮಾಡಲಿ, "ಅಮ್ಮ, ಆಕ್ಸಿಡೆಂಟ್ ಆಯಿತು, ಬೇಗ ಐವತ್ತು ಸಾವಿರ ಹಾಕು" ಅನ್ನಲಿ, ಅಮ್ಮ ಪದ ಕೇಳಲಿ. ಮೊದಲ ಸಲ ನಗು ಬರುತ್ತದೆ. ಬರಲಿ.

ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತಾಡಿಸಿದರೆ ಕಳ್ಳ ಸಿಕ್ಕಿಬೀಳುವುದಿಲ್ವಾ ಅಂತ ಕೇಳುವವರೂ ಇದ್ದಾರೆ. ಒಳ್ಳೆಯ ಉಪಾಯವೇ. ದೂರದ ಊರಿನಲ್ಲಿ ಕೂತವನಿಗೆ "ಒಣಸ್ ಆಂಡಾ?" ಅಂದರೆ ಊಟದ ವಿಷಯ ಅಂತ ತಕ್ಷಣ ಹೊಳೆಯಲಿಕ್ಕಿಲ್ಲ. ಆದರೆ ಅದನ್ನೇ ನಂಬಿ ಕೂರಬೇಡಿ. 2024ರ ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೂ ತುಳು ಬಂದಿದೆ. ಅದಕ್ಕಿಂತ ಮುಖ್ಯವಾಗಿ, ಕಳ್ಳ ನಮ್ಮೂರಿನವನೇ ಆಗಿರಬಾರದು ಅಂತ ಎಲ್ಲೂ ಬರೆದಿಲ್ಲ.

ಹಂತ 2: ಕಟ್ ಮಾಡಿ, ನೀವೇ ತಿರುಗಿ ಮಾಡಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂತಾದರೆ ಇದನ್ನು ಇಟ್ಟುಕೊಳ್ಳಿ. ಹಣ ಕೇಳುವ ಕಾಲ್ ಬಂದರೆ ವಾದ ಬೇಡ, ಪರೀಕ್ಷೆ ಬೇಡ. "ಒಂದು ನಿಮಿಷ, ನಾನೇ ಮಾಡುತ್ತೇನೆ" ಅಂತ ಹೇಳಿ ಕಟ್ ಮಾಡಿ. ಆಮೇಲೆ ನಿಮ್ಮ ಫೋನಿನಲ್ಲಿ ಮೊದಲಿಂದ ಸೇವ್ ಆಗಿರುವ ನಂಬರ್‌ಗೆ ನೀವೇ ಕರೆ ಮಾಡಿ. ವಾಟ್ಸಾಪ್ ಕಾಲ್ ಬೇಡ, ಮಾಮೂಲಿ ಕಾಲ್ ಮಾಡಿ. ಸಿಗಲಿಲ್ಲವೋ, ಅವರ ಹೆಂಡತಿಗೆ, ರೂಂಮೇಟ್‌ಗೆ, ಆಫೀಸಿಗೆ ಮಾಡಿ. ಚೌಕಿಗೆ ಹೋಗಿ ನೋಡುವುದು ಅಂದರೆ ಇದೇ.

2023ರ ಜುಲೈನಲ್ಲಿ ನಮ್ಮ ಪಕ್ಕದ ಕೇರಳದ ಕೋಯಿಕ್ಕೋಡ್‌ನಲ್ಲಿ ನಡೆದದ್ದು ಕೇಳಿ. ನಿವೃತ್ತರೊಬ್ಬರಿಗೆ ಹಳೆಯ ಸಹೋದ್ಯೋಗಿಯ ಮುಖದಲ್ಲೇ ವಾಟ್ಸಾಪ್ ವಿಡಿಯೋ ಕಾಲ್ ಬಂತು. ಸಂಬಂಧಿಕರ ಆಪರೇಷನ್‌ಗೆ ಹಣ ಬೇಕು ಅಂದ. ಇವರು 40,000 ರೂಪಾಯಿ ಕಳಿಸಿದರು. ಮತ್ತೆ ಹಣ ಕೇಳಿದಾಗ ಅನುಮಾನ ಬಂದು ಗೆಳೆಯನ ಹಳೆಯ ನಂಬರ್‌ಗೆ ಫೋನ್ ಮಾಡಿದರು. ಗೆಳೆಯನಿಗೆ ಇದರ ಸುದ್ದಿಯೇ ಇರಲಿಲ್ಲ. ಅದೇ ಫೋನ್ ಹತ್ತು ನಿಮಿಷ ಮೊದಲು ಮಾಡಿದ್ದರೆ? ಅವರ ಅದೃಷ್ಟಕ್ಕೆ ಬೇಗ ದೂರು ಕೊಟ್ಟ ಕಾರಣ ಪೊಲೀಸರು ಹಣ ವಾಪಸ್ ಕೊಡಿಸಿದರು.

ಓದಿದವರು ಮೋಸ ಹೋಗುವುದಿಲ್ಲ ಅಂತ ಅಂದುಕೊಳ್ಳಬೇಡಿ. 2024ರ ಆರಂಭದಲ್ಲಿ ಅರಪ್ ಎಂಬ ದೊಡ್ಡ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ಉದ್ಯೋಗಿಯೊಬ್ಬರು ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿಬಿಟ್ಟರು. ವಿಡಿಯೋ ಮೀಟಿಂಗ್‌ನಲ್ಲಿ ಅವರೊಬ್ಬರೇ ನಿಜವಾದ ಮನುಷ್ಯ. ಉಳಿದ "ಸಹೋದ್ಯೋಗಿಗಳು" ಎಲ್ಲ ನಕಲಿ.

ಈ ಹಂತದಲ್ಲಿ ಮೂರು ಕಡೆ ಕಾಲು ಜಾರುತ್ತದೆ.

ಒಂದು, "ಫೋನ್ ನೀರಿಗೆ ಬಿತ್ತು, ಇದು ಹೊಸ ನಂಬರ್, ಹಳೆಯದಕ್ಕೆ ಮಾಡಬೇಡ." ಹಳೆಯದಕ್ಕೆ ಮಾಡಬೇಡ ಅಂದರೆ ಹಳೆಯದಕ್ಕೇ ಮಾಡಿ.

ಎರಡು, ಕಾಲ್ ನಿಜವಾದ ನಂಬರ್‌ನಿಂದಲೇ ಬಂದಿರುತ್ತದೆ. ವಾಟ್ಸಾಪ್ ಖಾತೆ ಕದ್ದವನಿಗೆ ಅದರ ಡಿಪಿ, ಹಳೆಯ ಚಾಟ್ ಎಲ್ಲ ಸಿಕ್ಕಿರಬಹುದು. ಪರದೆಯ ಮೇಲೆ ಮಗನ ಹೆಸರು ಕಂಡಿತು ಅಂತ ಹಂತ 1 ಬಿಡಬೇಡಿ.

ಮೂರು, ಕಾಲ್ ಫಾರ್ವರ್ಡಿಂಗ್. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೊರಿಯರ್‌ನವನೋ ಕಂಪನಿಯವನೋ ಅಂತ ಹೇಳಿಕೊಂಡು ಯಾರೋ ಮಾಡಿ, ಸ್ಟಾರ್, 401 ಅಥವಾ 21 ಇರುವ ಒಂದು ಕೋಡ್ ಹೇಳಿ, ಅದರ ಮುಂದೆ ಒಂದು ನಂಬರ್ ಸೇರಿಸಿ ಡಯಲ್ ಮಾಡಿ ಅನ್ನುತ್ತಾರೆ. ಮಾಡಿದರೆ ನಿಮಗೆ ಬರುವ ಕರೆಗಳೆಲ್ಲ ಕಳ್ಳನ ಫೋನಿಗೆ ಹೋಗುತ್ತವೆ. ಆಗ ನಿಮ್ಮ ಅಮ್ಮ ನಿಯಮ ಪಾಲಿಸಿ ತಿರುಗಿ ಫೋನ್ ಮಾಡಿದರೂ ಎತ್ತುವವನು ಕಳ್ಳನೇ! ಹಾಗಾಗಿ ಯಾರೇ ಹೇಳಿದರೂ ಸ್ಟಾರ್, ಹ್ಯಾಶ್ ಇರುವ ಕೋಡ್ ಡಯಲ್ ಮಾಡಬೇಡಿ. ಅನುಮಾನ ಇದ್ದರೆ ##002# ಡಯಲ್ ಮಾಡಿ, ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಭಾನುವಾರ ಕೂತಾಗ ಎಲ್ಲರ ಫೋನಿನಲ್ಲೂ ಇದನ್ನು ಒಮ್ಮೆ ಮಾಡಿಬಿಡಿ.

ಮುಖ ಪಕ್ಕಕ್ಕೆ ತಿರುಗಿಸಲು ಹೇಳಿ, ಮುಖದ ಮುಂದೆ ಕೈ ಆಡಿಸಲು ಹೇಳಿ ಎಂಬ ಸಲಹೆ ಕೇಳಿರುತ್ತೀರಿ. ಕಳಪೆ ನಕಲಿ ಆಗ ಕದಡುತ್ತದೆ, ಹೌದು. ಒಳ್ಳೆಯ ನಕಲಿ ಕದಡುವುದಿಲ್ಲ. ಕದಡಿದರೆ ನಕಲಿ ಅಂತ ಧೈರ್ಯವಾಗಿ ಹೇಳಿ. ಕದಡದಿದ್ದರೆ ಅಸಲಿ ಅಂತ ಮಾತ್ರ ಹೇಳಬೇಡಿ.

ಹಂತ 3: ಫೋನಿನ ಬಾಗಿಲು ಹಾಕಿ

ಇದು ಬೇಗ ಮುಗಿಯುವ ಕೆಲಸ. ಒಬ್ಬರ ಫೋನಿಗೆ ಹತ್ತು ನಿಮಿಷ.

ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್‌ಗೆ ಹೋಗಿ ಟು-ಸ್ಟೆಪ್ ವೆರಿಫಿಕೇಷನ್ ಆನ್ ಮಾಡಿ. ಆರು ಅಂಕಿಯ ಪಿನ್ ಕೇಳುತ್ತದೆ. ಹುಟ್ಟಿದ ದಿನಾಂಕ ಹಾಕಬೇಡಿ, ಮಾರಾಯ್ರೆ. ಪಿನ್ ಅನ್ನು ನೋಟ್‌ಬುಕ್‌ನಲ್ಲಿ ಬರೆದಿಡಿ. ಹಾಗೆಯೇ ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ನಿಮ್ಮದಲ್ಲದ ಕಂಪ್ಯೂಟರ್ ಕಂಡರೆ ಲಾಗ್ ಔಟ್ ಮಾಡಿ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯಲು ವಾಟ್ಸಾಪ್ ವೆಬ್ ತೆರೆದು ಹಾಗೇ ಬಿಟ್ಟು ಬಂದದ್ದು ಅಲ್ಲೇ ಕಾಣಿಸುತ್ತದೆ. ಪ್ರೈವೆಸಿಯಲ್ಲಿ ಪ್ರೊಫೈಲ್ ಫೋಟೋವನ್ನು ಕಾಂಟ್ಯಾಕ್ಟ್ಸ್‌ಗೆ ಮಾತ್ರ ಕಾಣುವಂತೆ ಇಡಿ. ಅಪರಿಚಿತ ಕರೆಗಳು ರಿಂಗಾಗದಂತೆ ಮಾಡುವ ಸೌಲಭ್ಯವೂ ಅಲ್ಲೇ ಉಂಟು. ಹಿರಿಯರ ಫೋನಿನಲ್ಲಿ ಅದನ್ನು ಆನ್ ಮಾಡಿಯೇ ಇಡಿ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಖಾತೆ ಪ್ರೈವೇಟ್ ಆಗಿರಲಿ. ನಮ್ಮ ಕಡೆ ಮದುವೆ, ರೋಸ್, ಮೆಹಂದಿ ಅಂದರೆ ಫೋಟೋಗ್ರಾಫರ್‌ನ ಪೇಜಿನಲ್ಲಿ ಇಡೀ ಕುಟುಂಬದ ಹತ್ತಿರದ ಶಾಟ್‌ಗಳು ಎಲ್ಲರಿಗೂ ಕಾಣುವ ಹಾಗೆ ಬರುತ್ತವೆ. ಬುಕಿಂಗ್ ಮಾಡುವಾಗಲೇ "ಕೇಳದೆ ಪೋಸ್ಟ್ ಮಾಡಬೇಡಿ" ಅಂತ ಹೇಳಿಬಿಡಿ. ಫೋಟೋವನ್ನೇ ಹಾಕಬಾರದು ಅಂತ ನಾನು ಹೇಳುವುದಿಲ್ಲ. ಅದು ಆಗುವ ಮಾತಲ್ಲ.

ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿ. 2023ರಲ್ಲಿ ಮಂಗಳೂರಿನಲ್ಲಿ ಜಾಗದ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಒಟಿಪಿಯೂ ಇಲ್ಲದೆ ಹಣ ಹೋದದ್ದು ನೆನಪಿರಬಹುದು. ಆಗ ನಕಲಾದದ್ದು ಬೆರಳಚ್ಚು. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ವೆಬ್‌ಸೈಟ್‌ನಲ್ಲೇ ಲಾಕ್ ಮಾಡಬಹುದು, ಬೇಕಾದಾಗ ತೆರೆಯಬಹುದು.

ಹಂತ 4: ಮಕ್ಕಳು ಆಡುವ ಲೋಕಕ್ಕೆ ಒಮ್ಮೆ ಹೋಗಿ ಬನ್ನಿ

"ಮಗ ಮನೆಯಲ್ಲೇ ಇರುತ್ತಾನೆ, ಗೇಮ್ ಆಡುತ್ತಾನೆ, ಹೊರಗೆ ಹೋಗುವುದಿಲ್ಲ" ಎಂದು ಸಮಾಧಾನ ಪಡುವ ತಂದೆ ತಾಯಿಗೆ ಈ ಹಂತ. ಅವನು ಮನೆಯಲ್ಲಿಲ್ಲ. ಪರಿಚಯವೇ ಇಲ್ಲದ ಸಾವಿರಾರು ಜನ ಸೇರಿದ ಜಾತ್ರೆಯಲ್ಲಿದ್ದಾನೆ. ಅಲ್ಲಿ ಎಲ್ಲರೂ ವೇಷದಲ್ಲೇ ಇದ್ದಾರೆ.

ಮೊದಲು ಪಕ್ಕದಲ್ಲಿ ಕೂತು ಅರ್ಧ ಗಂಟೆ ಆಟ ನೋಡಿ. ಬುದ್ಧಿ ಹೇಳಲು ಅಲ್ಲ, ಸುಮ್ನೆ ನೋಡಲು. ಯಾರ ಜೊತೆ ಆಡುತ್ತಿದ್ದಾನೆ, ವಾಯ್ಸ್ ಚಾಟ್ ಆನ್ ಇದೆಯಾ, ಯಾರಾದರೂ ಉಡುಗೊರೆ ಕೊಡುತ್ತಿದ್ದಾರಾ. ಧ್ವನಿ ಕೇಳಿ "ಅದು ಅವನ ಪ್ರಾಯದ ಹುಡುಗನೇ" ಅಂತ ತೀರ್ಮಾನಿಸಬೇಡಿ. ನಲವತ್ತು ವರ್ಷದ ಗಂಡಸು ಮಾತಾಡಿದಂತೆ ಮಾತಾಡಿದಂತೆ ಅದನ್ನು ಹನ್ನೆರಡು ವರ್ಷದ ಹುಡುಗಿಯ ಧ್ವನಿಯಾಗಿ ಬದಲಿಸುವ ತಂತ್ರಾಂಶ ಇದೆ. ವಾಯ್ಸ್ ಚೇಂಜರ್ ಎನ್ನುತ್ತಾರೆ. ತಮಾಷೆಗೆ ಬಳಸುವವರೇ ಜಾಸ್ತಿ. ಎಲ್ಲರೂ ತಮಾಷೆಗೆ ಬಳಸುವುದಿಲ್ಲ.

ಮೋಸದ ದಾರಿ ಹೆಚ್ಚು ಕಡಿಮೆ ಒಂದೇ ತೆರನಾಗಿರುತ್ತದೆ. ಆಟದಲ್ಲಿ ಒಂದು ಸ್ಕಿನ್, ಅಂದರೆ ಅವತಾರ್‌ಗೆ ಹಾಕುವ ಉಡುಪು, ಉಡುಗೊರೆಯಾಗಿ ಬರುತ್ತದೆ. ಎರಡು ದಿನ ಹೊಗಳಿಕೆ. ಮೂರನೇ ದಿನ "ಇಲ್ಲಿ ಚಾಟ್ ಸರಿ ಇಲ್ಲ, ಡಿಸ್ಕಾರ್ಡ್‌ಗೆ ಬಾ" ಅಥವಾ "ವಾಟ್ಸಾಪ್ ನಂಬರ್ ಕೊಡು". ಅಲ್ಲಿ ಒಂದು ಫೋಟೋ ಕೇಳುತ್ತಾರೆ. ಆಮೇಲೆ ಬೆದರಿಕೆ. ಹಾಗಾಗಿ ಮಕ್ಕಳಿಗೆ ಹತ್ತು ನಿಯಮ ಹೇಳುವ ಬದಲು ಒಂದೇ ನಿಯಮ ಕೊಡಿ: ಆಟದಲ್ಲಿ ಸಿಕ್ಕವರು ಆಟದಲ್ಲೇ ಇರಬೇಕು. ಬೇರೆ ಆ್ಯಪ್‌ಗೆ ಕರೆದರೆ ಅದು ಅಮ್ಮನಿಗೋ ಅಪ್ಪನಿಗೋ ಹೇಳುವ ವಿಷಯ.

ಮೊದಲೆಲ್ಲ ಬೆದರಿಸಲು ಕಳ್ಳನಿಗೆ ಒಂದು ಕೆಟ್ಟ ಫೋಟೋ ಬೇಕಿತ್ತು. ಈಗ ಬೇಡ. ಯೂನಿಫಾರ್ಮ್ ಹಾಕಿದ ಫೋಟೋವನ್ನೇ ಬಟ್ಟೆ ಇಲ್ಲದ ಹಾಗೆ ಬದಲಿಸಿ ಬೆದರಿಸುತ್ತಾರೆ. ಮಗು ಏನೂ ತಪ್ಪು ಮಾಡದೆಯೂ ಸಿಕ್ಕಿಬೀಳಬಹುದು ಅಂತ ಇದರ ಅರ್ಥ. ಇದನ್ನು ಮಗುವಿಗೆ ಮೊದಲೇ ಹೇಳಿರಬೇಕು. ಜೊತೆಗೆ ಒಂದು ಮಾತು ಕೊಡಬೇಕು: "ನೀನು ಬಂದು ಹೇಳಿದರೆ ಫೋನ್ ಕಿತ್ತುಕೊಳ್ಳುವುದಿಲ್ಲ." ಮಕ್ಕಳು ಹೇಳದೇ ಇರುವುದು ಬಹುಪಾಲು ಫೋನ್ ಹೋಗುತ್ತದೆ ಎಂಬ ಹೆದರಿಕೆಗೇ. ಕೊಟ್ಟ ಮಾತು ಉಳಿಸಿಕೊಳ್ಳುವುದು ನಿಮಗೆ ಕಷ್ಟವಾದೀತು, ಗೊತ್ತು.

"ಫ್ರೀ ರೋಬಕ್ಸ್" ಅಂತ ಹೇಳುವ ಲಿಂಕ್‌ಗಳೆಲ್ಲ ಸುಳ್ಳು. ರೋಬಕ್ಸ್ ಎಂದರೆ ರೋಬ್ಲಾಕ್ಸ್‌ನ ಒಳಗಿನ ದುಡ್ಡು. ಅದನ್ನು ತಯಾರಿಸಿ ಕೊಡುವ ಯಂತ್ರ ಯಾರ ಹತ್ತಿರವೂ ಇಲ್ಲ. ಆ ಲಿಂಕ್‌ಗೆ ಪಾಸ್‌ವರ್ಡ್ ಕೊಟ್ಟರೆ ಖಾತೆ ಹೋಗುತ್ತದೆ. ಖಾತೆಗೆ ನಿಮ್ಮ ಕಾರ್ಡ್ ಜೋಡಿಸಿದ್ದರೆ ಅದಕ್ಕೂ ಕೈ ಬೀಳುತ್ತದೆ.

ದೂರು ಕೊಡುವಾಗ ಆಗುವ ಒಂದು ಎಡವಟ್ಟು ಹೇಳುತ್ತೇನೆ. ರೋಬ್ಲಾಕ್ಸ್‌ನಲ್ಲಿ ಒಬ್ಬರಿಗೆ ಎರಡು ಹೆಸರು. ತಲೆಯ ಮೇಲೆ ಕಾಣುವುದು ಡಿಸ್‌ಪ್ಲೇ ನೇಮ್. ಅದು ನೂರು ಜನಕ್ಕೆ ಒಂದೇ ಇರಬಹುದು. ಪ್ರೊಫೈಲ್ ತೆರೆದರೆ @ ಗುರುತಿನ ಜೊತೆ ಇನ್ನೊಂದು ಹೆಸರು ಕಾಣುತ್ತದೆ. ಅದು ಯೂಸರ್‌ನೇಮ್, ಒಬ್ಬರಿಗೆ ಒಂದೇ. ಸ್ಕ್ರೀನ್‌ಶಾಟ್‌ನಲ್ಲಿ ಬೇಕಾದದ್ದು ಅದು. ಬ್ಲಾಕ್ ಮಾಡುವ ಮೊದಲು ತೆಗೆಯಿರಿ.

ಹೆಡ್‌ಸೆಟ್ ಇರುವ ಮನೆಗಳಿಗೆ: ಅಲ್ಲಿ ಅವತಾರ್ ಹತ್ತಿರ ಬಂದರೆ ನಿಜವಾಗಿ ಮೈಮೇಲೆ ಬಂದ ಹಾಗೇ ಅನ್ನಿಸುತ್ತದೆ. 2022ರಲ್ಲಿ ಮೆಟಾ ಕಂಪನಿ ತನ್ನ ಹೊರೈಜನ್ ವರ್ಲ್ಡ್ಸ್‌ನಲ್ಲಿ ಅವತಾರ್‌ಗಳ ನಡುವೆ ಸುಮಾರು ನಾಲ್ಕು ಅಡಿ ಅಂತರ ಇಡುವ ವ್ಯವಸ್ಥೆ ತಂದದ್ದು ಇಂಥ ದೂರುಗಳು ಬಂದ ಮೇಲೇ. ಬ್ರಿಟನ್‌ನಲ್ಲಿ 16 ತುಂಬದ ಹುಡುಗಿಯ ಅವತಾರ್ ಮೇಲೆ ಗುಂಪು ದೌರ್ಜನ್ಯ ನಡೆದ ದೂರನ್ನು ಪೊಲೀಸರು ತನಿಖೆ ಮಾಡುತ್ತಿದ್ದಾರೆ ಎಂಬ ಸುದ್ದಿ 2024ರ ಜನವರಿಯಲ್ಲಿ ಬಂತು. "ಬೊಂಬೆಗೆ ತಾನೇ ಆದದ್ದು" ಅಂತ ಮಗುವಿನ ಮುಂದೆ ಅನ್ನಬೇಡಿ. ಅಂತರ ಇಡುವ ಆ ವ್ಯವಸ್ಥೆಯನ್ನು, ಅಂದರೆ ಪರ್ಸನಲ್ ಬೌಂಡರಿಯನ್ನು, ಆನ್ ಮಾಡಿ, ಹೆಡ್‌ಸೆಟ್‌ನಲ್ಲಿ ಕಾಣುವುದು ಟಿವಿಯಲ್ಲೂ ಕಾಣುವ ಹಾಗೆ ಕಾಸ್ಟ್ ಮಾಡಿ, ಹಾಲ್‌ನಲ್ಲೇ ಆಡಲಿ.

ಹಂತ 5: ದೊಡ್ಡವರ ಮುಖ ಕಂಡರೆ ಇನ್ನೂ ಹುಷಾರು

ನಾರಾಯಣ ಮೂರ್ತಿ, ಸುಧಾ ಮೂರ್ತಿ, ನಿರ್ಮಲಾ ಸೀತಾರಾಮನ್ ಹೂಡಿಕೆಯ ಸ್ಕೀಮ್ ಬಗ್ಗೆ ಮಾತಾಡುವ ವಿಡಿಯೋ ನೋಡಿರುತ್ತೀರಿ. ನಕಲಿ. ಅವರ್ಯಾರೂ ಫೇಸ್‌ಬುಕ್‌ನಲ್ಲಿ ಸ್ಕೀಮ್ ಮಾರುವುದಿಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಣಿ ಇಲ್ಲದವರಿಗೆ ಹಣ ಕೊಡಬೇಡಿ, ಅಷ್ಟೇ.

ಖಾಕಿ ಹಾಕಿದವನು ವಿಡಿಯೋ ಕಾಲ್‌ನಲ್ಲಿ ಬಂದು "ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ, ಕ್ಯಾಮೆರಾ ಆಫ್ ಮಾಡಬಾರದು" ಅಂದರೆ ಕಟ್ ಮಾಡಿ. ಡಿಜಿಟಲ್ ಅರೆಸ್ಟ್ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಇದನ್ನು ಹೇಳಿದರು. ಇಲ್ಲಿ ಅವರ ಒಂದೇ ಬಂಡವಾಳ ನಿಮ್ಮನ್ನು ಒಂಟಿ ಮಾಡುವುದು. "ಯಾರಿಗೂ ಹೇಳಬೇಡಿ" ಅಂದರು ಅಂದರೆ ಕೂಡಲೇ ಪಕ್ಕದ ಮನೆಯವರನ್ನು ಕರೆಯಿರಿ. ಒಂಟಿಯಾಗಿರುವ ಹಿರಿಯರ ಮನೆ ನಿಮ್ಮ ಪಕ್ಕದಲ್ಲಿದ್ದರೆ, ನೀವೇ ಹೋಗಿ ಈ ಒಂದು ವಾಕ್ಯ ಹೇಳಿ ಬನ್ನಿ.

ಹಂತ 6: ಹಣ ಹೋಯಿತು, ಈಗ ಏನು?

ಮೊದಲು 1930. ಇದು ಸೈಬರ್ ವಂಚನೆಗೆಂದೇ ಇರುವ ದೇಶದ ಸಹಾಯವಾಣಿ. ಯಾಕೆ ಇಷ್ಟು ಅವಸರ ಅಂದರೆ, ನಿಮ್ಮ ಹಣ ಒಂದು ಮ್ಯೂಲ್ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಐದಾರಕ್ಕೆ ಹಂಚಿ ಎಟಿಎಂನಲ್ಲಿ ಹೊರಬೀಳುವ ಮೊದಲು ಅದನ್ನು ತಡೆಹಿಡಿಯಬೇಕು. ಮನೆಯವರಿಗೆ ಹೇಳಲು ನಾಚಿಕೆಪಟ್ಟುಕೊಂಡು ಒಂದು ರಾತ್ರಿ ಕಳೆದರೆ ಕಳ್ಳನಿಗೆ ಅಷ್ಟು ಹೊತ್ತು ಸಾಕು.

ಫೋನ್ ಮಾಡುವ ಮೊದಲು ನೋಟ್‌ಬುಕ್‌ನಲ್ಲಿ ಇಷ್ಟು ಬರೆದುಕೊಳ್ಳಿ: ನಿಮ್ಮ ಬ್ಯಾಂಕಿನ ಹೆಸರು, ಖಾತೆ ನಂಬರ್, ಹೋದ ಮೊತ್ತ, ದಿನ, ಸಮಯ, ಯಾರ ಯುಪಿಐ ಐಡಿ ಅಥವಾ ಖಾತೆಗೆ ಹೋಯಿತು. ಎಲ್ಲಕ್ಕಿಂತ ಮುಖ್ಯ ಯುಟಿಆರ್ ನಂಬರ್. ಪ್ರತಿ ವ್ಯವಹಾರಕ್ಕೂ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ ಅದು. ಗೂಗಲ್ ಪೇ, ಫೋನ್ ಪೇಯಲ್ಲಿ ಆ ವ್ಯವಹಾರದ ಮೇಲೆ ಒತ್ತಿದರೆ 12 ಅಂಕಿಯ ಸಂಖ್ಯೆ ಕಾಣುತ್ತದೆ. ನಾಲ್ಕು ಸಲ ಕಳಿಸಿದ್ದರೆ ನಾಲ್ಕನ್ನೂ ಬರೆಯಿರಿ. ಗಾಬರಿಯಲ್ಲಿ ಜನ ಕೊನೆಯದನ್ನು ಮಾತ್ರ ಹೇಳುತ್ತಾರೆ.

1930 ಬಿಜಿ ಬಂದರೆ ಕಾಯುತ್ತ ಕೂರಬೇಡಿ. ಮನೆಯ ಇನ್ನೊಬ್ಬರು ಅದೇ ಹೊತ್ತಿಗೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ದೂರು ಹಾಕಲಿ, ಮತ್ತೊಬ್ಬರು ಬ್ಯಾಂಕಿಗೆ ಫೋನ್ ಮಾಡಲಿ. ಬ್ಯಾಂಕಿನ ನಂಬರ್ ಕಾರ್ಡಿನ ಹಿಂದೆಯೇ ಇರುತ್ತದೆ. ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ಮೇಲೆ ಸಿಗುವ ಕಸ್ಟಮರ್ ಕೇರ್ ನಂಬರ್ ಇನ್ನೊಬ್ಬ ಕಳ್ಳನದ್ದಾಗಿರಬಹುದು. 1930ರಲ್ಲಿ ದೂರು ದಾಖಲಾದರೆ ಒಂದು ದೂರಿನ ಸಂಖ್ಯೆ ಬರುತ್ತದೆ. ಅದನ್ನು ಹಿಡಿದು 24 ಗಂಟೆಯೊಳಗೆ ಪೋರ್ಟಲ್‌ನಲ್ಲಿ ಪೂರ್ತಿ ವಿವರ ತುಂಬಿ.

ನಂತರ ಠಾಣೆ. ಮಂಗಳೂರು ನಗರ, ದಕ್ಷಿಣ ಕನ್ನಡ ಜಿಲ್ಲೆ, ಉಡುಪಿ ಜಿಲ್ಲೆ ಮೂರಕ್ಕೂ ಪ್ರತ್ಯೇಕ ಸೆನ್ ಠಾಣೆ ಉಂಟು. ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಠಾಣೆ ಅದು. ದೂರ ಆದರೆ ಹತ್ತಿರದ ಠಾಣೆಗೇ ಹೋಗಿ. "ನಮ್ಮ ವ್ಯಾಪ್ತಿ ಅಲ್ಲ" ಅಂದರೆ ಝೀರೋ ಎಫ್‌ಐಆರ್ ಕೇಳಿ. ಎಲ್ಲಿ ನಡೆದರೂ ಯಾವ ಠಾಣೆಯಲ್ಲಾದರೂ ದಾಖಲಿಸಬೇಕು ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದೆ. ಬೇರೆಯವರಂತೆ ನಟಿಸಿ ಕಂಪ್ಯೂಟರ್ ಮೂಲಕ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು.

ಎಡವುವ ಜಾಗ ಇನ್ನೂ ಎರಡಿವೆ. ದೂರು ಕೊಟ್ಟ ಕೆಲವು ದಿನಕ್ಕೆ "ನಿಮ್ಮ ಹಣ ಸಿಕ್ಕಿದೆ, ಬಿಡಿಸಲು ಫೀಸು ಕಟ್ಟಿ" ಅಂತ ಫೋನ್ ಬಂದರೆ ಅದು ಎರಡನೇ ಸುತ್ತಿನ ಮೋಸ. ಪೊಲೀಸರು ಅದಕ್ಕೆ ಫೀಸು ಕೇಳುವುದಿಲ್ಲ. ತಡೆಹಿಡಿದ ಹಣ ವಾಪಸ್ ಬರಲು ಸಮಯ ಹಿಡಿಯುತ್ತದೆ, ಕೋರ್ಟ್ ಆದೇಶವೂ ಬೇಕಾಗಬಹುದು. ಇನ್ನೊಂದು ಕಾಲೇಜು ಮಕ್ಕಳಿಗೆ. ಮಂಗಳೂರು, ಮಣಿಪಾಲದಂಥ ಊರಿನಲ್ಲಿ ಹಾಸ್ಟೆಲ್ ಹುಡುಗರಿಗೆ "ಖಾತೆ ಕೊಡು, ತಿಂಗಳಿಗೆ ಇಷ್ಟು ಕೊಡುತ್ತೇವೆ" ಎಂದು ಗಾಳ ಹಾಕಿದರೆ ಆಶ್ಚರ್ಯವಿಲ್ಲ. ಯಾರದೋ ಅಜ್ಜಿಯ ಹಣ ಆ ಖಾತೆಗೆ ಬಂದರೆ ಪೊಲೀಸರು ಮೊದಲು ಬರುವುದು ಆ ಹುಡುಗನ ಬಾಗಿಲಿಗೆ.

ಹಂತ 7: ನಿಮ್ಮ ಮುಖದ ಅಶ್ಲೀಲ ನಕಲಿ ಬಂದರೆ

ಉಸಿರು ಎಳೆದುಕೊಳ್ಳಿ. ನಂತರ ಇದೇ ಕ್ರಮದಲ್ಲಿ ಮಾಡಿ.

ಹಣ ಕೊಡಬೇಡಿ. ಕೊಟ್ಟರೆ ಡಿಲೀಟ್ ಮಾಡುತ್ತೇವೆ ಅನ್ನುತ್ತಾರೆ. ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಕೊಡುವ ಗಿರಾಕಿ ಅಂತ ಗೊತ್ತಾಯಿತಲ್ಲ.

ಡಿಲೀಟ್ ಮಾಡಬೇಡಿ. ಇದು ಬಹಳ ಜನ ಮಾಡುವ ತಪ್ಪು. ನೋಡಲು ಹಿಂಸೆಯಾಗುತ್ತದೆ, ಅಳಿಸಿಬಿಡುತ್ತಾರೆ, ಬ್ಲಾಕ್ ಮಾಡುತ್ತಾರೆ. ಪೊಲೀಸರ ಹತ್ತಿರ ಹೋದಾಗ ತೋರಿಸಲು ಏನೂ ಇರುವುದಿಲ್ಲ. ಚಾಟ್, ಯೂಸರ್‌ನೇಮ್, ಫೋನ್ ನಂಬರ್, ಪೋಸ್ಟ್‌ನ ಪೂರ್ತಿ ಲಿಂಕ್, ದಿನ, ಸಮಯ ಎಲ್ಲ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬಂದ ಫೈಲನ್ನೂ ಹಾಗೇ ಇಡಿ. ನಿಮ್ಮಿಂದ ಆಗದಿದ್ದರೆ ನಂಬಿಕೆಯ ಒಬ್ಬರ ಕೈಗೆ ಫೋನ್ ಕೊಡಿ, ಅವರು ತೆಗೆಯಲಿ. ಚಿತ್ರದಲ್ಲಿರುವುದು 18 ತುಂಬದ ಮಗುವಾದರೆ ಮಾತ್ರ ಹೊಸ ಪ್ರತಿ ಮಾಡಲೇಬೇಡಿ. ಫೋನನ್ನೇ ಪೊಲೀಸರಿಗೆ ತೋರಿಸಿ. "ನೋಡಿ ಹೇಗೆ ಮಾಡಿದ್ದಾರೆ" ಅಂತ ಗ್ರೂಪಿಗೆ ಹಾಕುವುದಂತೂ ಬೇಡವೇ ಬೇಡ. ಮಗುವಿನ ಅಂಥ ಚಿತ್ರ ಹಂಚುವುದೇ ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ, ಉದ್ದೇಶ ಒಳ್ಳೆಯದು ಅಂದುಕೊಂಡರೂ.

ತೆಗೆಸಿ ಹಾಕಿ. ಪ್ರತಿ ಆ್ಯಪ್‌ನಲ್ಲೂ ರಿಪೋರ್ಟ್ ಬಟನ್ ಇರುತ್ತದೆ. ಅಲ್ಲಿ "ನನ್ನ ಅನುಮತಿ ಇಲ್ಲದ ನಗ್ನ ಚಿತ್ರ" ಎಂಬ ಅರ್ಥದ ಆಯ್ಕೆಯನ್ನೇ ಒತ್ತಿ. ಸ್ಪ್ಯಾಮ್ ಅಂತ ಒತ್ತಿದರೆ ಬೇರೆ ಸಾಲಿಗೆ ಹೋಗುತ್ತದೆ. ಹಾಗೆಯೇ ಆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ನಕಲಿಯಾಗಿ ತಯಾರಿಸಿದ ಚಿತ್ರವಾದರೂ ಸಂಬಂಧಪಟ್ಟವರು ದೂರು ಕೊಟ್ಟರೆ ಅದನ್ನು ತೆಗೆಯಲೇಬೇಕು ಅಂತ 2021ರ ಐಟಿ ನಿಯಮಗಳಲ್ಲಿದೆ. ಮೊದಲು ಇದಕ್ಕೆ 24 ಗಂಟೆಯ ಗಡುವಿತ್ತು, 2026ರ ಫೆಬ್ರವರಿಯ ತಿದ್ದುಪಡಿಯಲ್ಲಿ ಅದನ್ನು 2 ಗಂಟೆಗೆ ಇಳಿಸಿದ್ದಾರೆ.

ಇನ್ನೂ ಹರಡದಂತೆ ತಡೆಯಲು ಸ್ಟಾಪ್ ಎನ್‌ಸಿಐಐ ಎಂಬ ಉಚಿತ ತಾಣ ಇದೆ. 2021ರಲ್ಲಿ ಶುರುವಾದದ್ದು, 18 ದಾಟಿದವರಿಗೆ. ಅಲ್ಲಿ ಫೋಟೋ ಅಪ್‌ಲೋಡ್ ಮಾಡಬೇಕಲ್ಲ ಅಂತ ಎಲ್ಲರೂ ಹೆದರುತ್ತಾರೆ. ಹಾಗಿಲ್ಲ. ಫೋಟೋ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರಿಂದ ಹ್ಯಾಶ್, ಅಂದರೆ ಬೆರಳಚ್ಚಿನಂಥ ಒಂದು ಸಂಖ್ಯೆ ಮಾತ್ರ ಹೊರಗೆ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ಕಡೆ ಆ ಸಂಖ್ಯೆಗೆ ಹೊಂದುವ ಚಿತ್ರ ಬಂದರೆ ಹಿಡಿಯುತ್ತಾರೆ. 18 ತುಂಬದವರಿಗೆ ಇದೇ ತರಹದ ಟೇಕ್ ಇಟ್ ಡೌನ್ ಇದೆ. ವಾಟ್ಸಾಪ್ ಚಾಟ್ ಒಳಗೆ ಓಡಾಡುವುದನ್ನು ಇವು ತಡೆಯಲಾರವು, ಅದನ್ನೂ ಹೇಳಿಬಿಡುತ್ತೇನೆ.

ದೂರು ಕೊಡಿ. ಹಂತ 6ರಲ್ಲಿ ಹೇಳಿದ ಸೈಬರ್‌ಕ್ರೈಮ್ ಪೋರ್ಟಲ್‌ನಲ್ಲಿ ಹೆಂಗಸರು ಮತ್ತು ಮಕ್ಕಳಿಗೆ ಪ್ರತ್ಯೇಕ ವಿಭಾಗ ಉಂಟು, ಹೆಸರು ಹೇಳದೆಯೂ ದೂರು ಹಾಕಬಹುದು. ಆದರೆ ಬೆದರಿಸುವವನನ್ನು ಹಿಡಿಯಬೇಕು ಅಂತಿದ್ದರೆ ಹೆಸರು ಹೇಳಿಯೇ ಕೊಡಿ. ತುರ್ತಾದರೆ 112, ಮಗುವಿನ ವಿಷಯವಾದರೆ 1098. ಲೈಂಗಿಕ ದೃಶ್ಯ ಹರಡಿದರೆ ಐಟಿ ಕಾಯ್ದೆಯ 67ಎ, ಹಣಕ್ಕಾಗಿ ಬೆದರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ, ಅಂದರೆ ಸುಲಿಗೆ, ಅನ್ವಯಿಸುತ್ತದೆ. ದೂರಿನಲ್ಲಿ "ಇದು ನಕಲಿ, ನನ್ನ ಈ ಫೋಟೋದಿಂದ ಮಾಡಿದ್ದು" ಅಂತ ಸ್ಪಷ್ಟವಾಗಿ ಬರೆದು, ಮೂಲ ಫೋಟೋ ಸಿಕ್ಕರೆ ಜೊತೆಗೆ ಕೊಡಿ. ತನಿಖೆಗೆ ಅದು ದೊಡ್ಡ ಸಹಾಯ.

ಠಾಣೆಗೆ ಒಬ್ಬರೇ ಹೋಗಬೇಡಿ. ಸ್ಕ್ರೀನ್‌ಶಾಟ್‌ಗಳ ಪ್ರಿಂಟ್ ಎರಡು ಸೆಟ್, ಗುರುತಿನ ಚೀಟಿ, ಮತ್ತು ಸಾಕ್ಷ್ಯ ಇರುವ ಅದೇ ಫೋನ್ ತೆಗೆದುಕೊಂಡು ಹೋಗಿ. ಫೋನನ್ನು ರೀಸೆಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೂ ಕೊಡಬೇಡಿ. ದೂರು ಕೊಟ್ಟ ಮೇಲೆ ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ಅದು ಉಚಿತ. ಚಾರ್ಜರ್ ಕೂಡ ಇಟ್ಟುಕೊಳ್ಳಿ. ಹೇಳಿಕೆ ಬರೆದು ಮುಗಿಯುವಾಗ ಸಂಜೆಯಾದೀತು.